ಚಿರೋಟಿಯಮ್ಮನ ಚಾತುರ್ಮಾಸ್ಯ

ನ್ಯೂಜೆರ್ಸಿಯಲ್ಲಿ ಮೇಪಲ್ ಮರಗಳು ಕೆಂಪಾಗುವುದಕ್ಕೆ ಅಕ್ಟೋಬರ್ ಅರ್ಧ ಕಳೆಯಬೇಕು. ಚಿರೋಟಿಯಮ್ಮನಿಗೆ ಅಷ್ಟು ತಾಳ್ಮೆಯಿಲ್ಲ. ಸೆಪ್ಟೆಂಬರ್ ಮೊದಲ ವಾರ, ಹೊರಗೆ ಇನ್ನೂ ಸೆಕೆ ಇರುವಾಗಲೇ, ಅವಳ ಬಾಗಿಲಿಗೆ ಪ್ಲಾಸ್ಟಿಕ್ ಹಣ್ಣೆಲೆಯ ತೋರಣ ಬೀಳುತ್ತದೆ. ಕಿಟಕಿಯಲ್ಲಿ ಬಟ್ಟೆಯ ಕುಂಬಳಕಾಯಿ ಕೂರುತ್ತದೆ. ಒಲೆಯ ಪಕ್ಕದಲ್ಲಿ ಎಲೆ, ಅಳಿಲು, ಕುಂಬಳಕಾಯಿ, ಟರ್ಕಿ ಕೋಳಿ ಆಕಾರದ ತಗಡಿನ ಅಚ್ಚುಗಳು ಸಾಲಾಗಿ ನಿಲ್ಲುತ್ತವೆ. ಮಕ್ಕಳಿಗೆ ಏನೋ ತಿಂಡಿ ಮಾಡಲಿದ್ದಾಳೆ ಎಂದು ಹೊಸಬರು ಸಂತೋಷಪಡುತ್ತಾರೆ. ಮಕ್ಕಳಿಗೆ ಬೆಳಿಗ್ಗೆ ಡಬ್ಬದ ಸೀರಿಯಲ್, ರಾತ್ರಿ ಇಂಡಿಯನ್ ಅಂಗಡಿಯ ಫ್ರೋಜನ್ ಚಪಾತಿ. ಅಚ್ಚುಗಳು ಇರುವುದು ಚಿರೋಟಿಗೆ.

ಚಿರೋಟಿ ಅವಳ ನಾಯಿ. ಗೋಲ್ಡನ್‌ಡೂಡಲ್ ತಳಿ, ಮೈಮೇಲೆ ಪದರ ಪದರ ಗುಂಗುರು, ಈಗ ತಾನೆ ಎಣ್ಣೆಯಿಂದ ಎತ್ತಿದ ಬಣ್ಣ. ನೆರೆಯ ಅಮೆರಿಕನ್ನರು 'ಚೆರಾಡಿ' ಎನ್ನುತ್ತಾರೆ, ಅವಳು ಅದಕ್ಕೂ ಬಾಲ ಆಡಿಸುತ್ತಾಳೆ. ಯಜಮಾನಿಯ ಸ್ವಂತ ಹೆಸರು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಪಾರ್ಕಿನಲ್ಲಿ ಎಲ್ಲರೂ ನಾಯಿಯ ಹೆಸರಿನಿಂದಲೇ ಪರಿಚಿತರು: ಮೋಚಾ ಮಾಮ್, ಟೆಡ್ಡಿ ಡ್ಯಾಡ್. ಹಾಗಾಗಿ ಇವಳು ಚಿರೋಟಿಯಮ್ಮ, ಗಂಡ ಚಿರೋಟಿಯಪ್ಪ. ಹೆತ್ತ ಮಕ್ಕಳು ಚಿರೋಟಿಯ ಅಣ್ಣ ಮತ್ತು ಅಕ್ಕ. ಇಂಥವರು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಾತ್ರ ಇದ್ದಾರೆಂದಲ್ಲ. ಟೆಕ್ಸಸ್‌ನ ಪ್ಲೇನೋದಲ್ಲಿದ್ದಾರೆ, ನಮ್ಮ ವೈಟ್‌ಫೀಲ್ಡಿನಲ್ಲೂ ಇದ್ದಾರೆ. ಆದರೆ ಆ ತಳಿಯ ಪೂರ್ಣಾವತಾರ ನೋಡಬೇಕಿದ್ದರೆ ಶರತ್ಕಾಲದಲ್ಲಿ ಅಮೆರಿಕಕ್ಕೇ ಹೋಗಬೇಕು.

ವ್ರತಾರಂಭ ಕುಂಬಳದ ಡಬ್ಬದಿಂದ. ಅಂಗಡಿಯ ಕಪಾಟಿನಲ್ಲಿ ಒಂದೇ ಬಣ್ಣದ ಎರಡು ಡಬ್ಬ ಅಕ್ಕಪಕ್ಕ ಇರುತ್ತವೆ. ಒಂದರಲ್ಲಿ ಬರೀ ಬೇಯಿಸಿ ಅರೆದ ಕುಂಬಳ. ಇನ್ನೊಂದರಲ್ಲಿ ಸಕ್ಕರೆ, ಚಕ್ಕೆ, ಜಾಯಿಕಾಯಿ ಬೆರೆಸಿದ ಕಡುಬಿನ ಹೂರಣ. ಎರಡನೆಯದು ನಾಯಿಗೆ ಆಗದು, ಮುಖ್ಯವಾಗಿ ಜಾಯಿಕಾಯಿಯ ಕಾರಣಕ್ಕೆ. ಚಿರೋಟಿಯಮ್ಮ ಡಬ್ಬ ತಿರುಗಿಸಿ ಸಣ್ಣ ಅಕ್ಷರ ಓದುವ ಏಕಾಗ್ರತೆಯಲ್ಲಿ ಮನೆ ಸಾಲದ ಪತ್ರವನ್ನೂ ಓದಿರಲಿಲ್ಲ ಎಂದು ಗಂಡ ಹೇಳುತ್ತಾನೆ. ಕಡಲೆಕಾಯಿ ಬೆಣ್ಣೆಯ ಶೀಷೆಗೆ ಇನ್ನೂ ಕಠಿಣ ವಿಚಾರಣೆ. ಅದರಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇದ್ದರೆ ನಾಯಿಯ ರಕ್ತದ ಸಕ್ಕರೆ ದಿಢೀರನೆ ಕುಸಿಯುತ್ತದೆ, ಯಕೃತ್ತೂ ಕೆಡಬಹುದು. ಅದು ಒಮ್ಮೊಮ್ಮೆ 'ಬರ್ಚ್ ಶುಗರ್' ಎಂಬ ಬೇನಾಮಿ ಹೆಸರಿನಲ್ಲಿ ಒಳಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಎರಡೂ ಹೆಸರು ಹುಡುಕಬೇಕು.

ಡಬ್ಬ ಮನೆಗೆ ಬಂದಾಗ ಅದನ್ನು ತೆರೆದು ಮೂಸಿದ್ದು ಚಿರೋಟಿಯಜ್ಜಿ. ಆರು ತಿಂಗಳ ವೀಸಾದ ಮೇಲೆ ತುಮಕೂರಿನಿಂದ ಬಂದ ಮಾಧ್ವರ ಮನೆಯ ಹಿರಿಯ ಹೆಂಗಸು. ಮೊಮ್ಮಕ್ಕಳ ಪಟ್ಟಿಯಲ್ಲಿ ನಾಯಿಯೂ ಇದೆ ಎಂಬುದು ಅವರಿಗೆ ವಿಮಾನ ಇಳಿದ ಮೇಲೆ ತಿಳಿದದ್ದು. "ಇದು ನಮ್ಮ ಸಿಹಿಗುಂಬಳವೇ ಅಲ್ವೇನೇ?" ಎಂದರು. ಮಗಳು ನಕ್ಕಳು. ಅಜ್ಜಿಯ ಮೂಗು ಸರಿಯಾಗಿಯೇ ಇತ್ತು. ಹ್ಯಾಲೋವೀನ್‌ಗೆ ಮುಖ ಕೊರೆಯುವ ಕಿತ್ತಳೆ ಕಾಯಿ ಬೇರೆ ಜಾತಿಯದು. ಡಬ್ಬಕ್ಕೆ ಹೋಗುವುದು ಹೆಚ್ಚಾಗಿ ಇಲಿನಾಯ್ ರಾಜ್ಯದಲ್ಲಿ ಬೆಳೆಯುವ ಡಿಕಿನ್ಸನ್ ಎಂಬ ತಳಿ. ಅದು ಕುಕುರ್ಬಿಟಾ ಮೊಸ್ಕಾಟಾ, ನಮ್ಮ ಹಿತ್ತಿಲ ಸಿಹಿಗುಂಬಳ ಅಥವಾ ಚೀನಿಕಾಯಿಯದೇ ಕುಲ. ಡಾಲರ್ ಕೊಟ್ಟು ತಂದದ್ದು ಊರಿನಲ್ಲಿ ದನಕ್ಕೂ ಹಾಕುತ್ತಿದ್ದ ಕಾಯಿ ಎಂದು ತಿಳಿದ ಮೇಲೆ ಅಜ್ಜಿಗೆ ಅಮೆರಿಕದ ಮೇಲೆ ಸ್ವಲ್ಪ ಮಮತೆ ಹುಟ್ಟಿತು.

ಆ ಮಮತೆಯಲ್ಲೇ ಅವರು ಒಂದು ಸಲಹೆ ಕೊಟ್ಟರು. "ಚೂರು ಜಾಯಿಕಾಯಿ ತೇಯ್ದು ಹಾಕು, ಘಮ ಬರುತ್ತೆ."

"ಅಮ್ಮಾ! ಅದು ವಿಷ!"

"ವಿಷ ಅಂತೆ. ನಿನಗೆ ದಿನಾ ತೇಯ್ದು ನೆಕ್ಕಿಸಿ ಮಲಗಿಸಿದ್ದೀನಿ."

"ಅದಕ್ಕೇ ಹೀಗಾಗಿದೆ" ಎಂದು ಪಕ್ಕದ ಕೋಣೆಯಿಂದ ಚಿರೋಟಿಯಪ್ಪ.

ಮುಂದಿನ ದಿನಗಳಲ್ಲಿ ಮಗಳು ನಿಷೇಧಗಳ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಅಜ್ಜಿ ಕನ್ನಡಕ ಏರಿಸಿಕೊಂಡು ಓದಿದರು. ಈರುಳ್ಳಿ ಕೂಡದು, ಬೆಳ್ಳುಳ್ಳಿ ಕೂಡದು: ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಉಪ್ಪು ಬೇಡ, ಸಕ್ಕರೆ ಬೇಡ, ಎಣ್ಣೆಯಲ್ಲಿ ಕರಿದದ್ದು ಬೇಡ. ಚಾಕೊಲೇಟ್, ಕಾಫಿ ಸೇರದು. ಬಹಳಷ್ಟು ನಾಯಿಗಳಿಗೆ ಬೆಳೆದ ಮೇಲೆ ಹಾಲು ಅರಗದು, ಆದ್ದರಿಂದ ಹಾಲು ಬೇಡ. ಸಪ್ಪೆ ಮೊಸರು ಸ್ವಲ್ಪ ಆದೀತು. ಅಜ್ಜಿ ಕನ್ನಡಕ ತೆಗೆದು ನಾಯಿಯನ್ನು ಹೊಸದಾಗಿ ನೋಡಿದರು. ಅದು ಭಾದ್ರಪದ ಮುಗಿಯುವ ಹೊತ್ತು. ಚಾತುರ್ಮಾಸ್ಯದಲ್ಲಿ ಅವರಿಗೆ ಕ್ಷೀರವ್ರತ. ಹಾಲು ನಿಷಿದ್ಧ, ಮೊಸರು ನಡೆಯುತ್ತದೆ. ಇಡೀ ಮನೆಯಲ್ಲಿ, ಅಳಿಯ ಮಗಳು ಮೊಮ್ಮಕ್ಕಳು ಯಾರೂ ಪಾಲಿಸದ ನೇಮವನ್ನು ಈ ಗುಂಗುರುಕೂದಲಿನವಳು ಚಾಚೂ ತಪ್ಪದೆ ನಡೆಸುತ್ತಿದ್ದಳು.

"ಬೇಳೆ?" ಎಂದು ಕೇಳಿದರು ಅಜ್ಜಿ, ಮುಂದಿನ ತಿಂಗಳ ದ್ವಿದಳವ್ರತ ನೆನೆದು.

ಬೇಳೆಯ ಪ್ರಶ್ನೆಗೆ ಮಗಳ ಬಳಿ ದೊಡ್ಡ ಕಡತವೇ ಇತ್ತು. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಂದು ಎಚ್ಚರಿಕೆ ಹೊರಡಿಸಿತು. ಬಟಾಣಿ, ಮಸೂರದಂಥ ಕಾಳುಗಳನ್ನೇ ಮುಖ್ಯವಾಗಿ ತುಂಬಿದ ನಾಯಿಯ ಆಹಾರಕ್ಕೂ ಹೃದಯ ಹಿಗ್ಗುವ ಕಾಯಿಲೆಗೂ ನಂಟಿರಬಹುದೇ ಎಂದು ತನಿಖೆ ಶುರುವಾಯಿತು. ಕಾರಣ ಇದೇ ಎಂದು ಸಾಬೀತಾಗಲಿಲ್ಲ. ಆದರೆ ಚಿರೋಟಿಯಮ್ಮನಂಥವರಿಗೆ ಸಾಬೀತು ಬೇಕಿಲ್ಲ, ಸಂಶಯ ಸಾಕು. ಅಂದಿನಿಂದ ಚಿರೋಟಿ ಕಾಳು ಮುಟ್ಟಿಲ್ಲ. ಅಜ್ಜಿ ತಿಂಗಳೊಂದು ಆಚರಿಸುವ ದ್ವಿದಳವ್ರತವನ್ನು ಅವಳು ವರ್ಷವಿಡೀ ಆಚರಿಸುತ್ತಾಳೆ. ಮಠದಲ್ಲಾಗಿದ್ದರೆ ಶಾಲು ಹೊದಿಸುತ್ತಿದ್ದರು.

ಅಜ್ಜಿ ಮತ್ತು ನಾಯಿಯ ಸಖ್ಯಕ್ಕೆ ವಿಘ್ನ ಬಂದದ್ದು ಒಂದೇ ಸಲ, ದೇವರ ಮುಂದಿನ ಒಣದ್ರಾಕ್ಷಿಯಿಂದ. ಪ್ರಸಾದ ಎಂದು ಅಜ್ಜಿ ಎರಡು ಕಾಳು ಎಸೆಯಲು ಹೊರಟರು. ಮಗಳು ಗೋಲ್‌ಕೀಪರಿನ ಜಿಗಿತದಲ್ಲಿ ಹಿಡಿದಳು. ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ನಿಲ್ಲಿಸಿಬಿಡುತ್ತದೆ. ಕಾರಣ ಬಹುಕಾಲ ಗೂಢವಾಗಿತ್ತು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಅಪರಾಧಿ ಇರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ಅದೇ ಆಮ್ಲ ಯಥೇಚ್ಛವಾಗಿರುವ ಇನ್ನೊಂದು ಹಣ್ಣು ಹುಣಸೆ. ಮಗಳು ಇದನ್ನು ಓದಿ ಹೇಳಿದ ದಿನ, ತುಮಕೂರಿನಿಂದ ಮೂರು ಪದರ ಪ್ಲಾಸ್ಟಿಕ್ ಸುತ್ತಿ ತಂದಿದ್ದ ಪುಳಿಯೋಗರೆ ಗೊಜ್ಜು ಅಟ್ಟ ಸೇರಿತು. ಅದನ್ನು ಕೆಳಗಿಳಿಸಲು ಅಳಿಯ ಸ್ಟೂಲ್ ಹತ್ತಬೇಕು. ಅವನು ರಾತ್ರಿ ಎಲ್ಲರೂ ಮಲಗಿದ ಮೇಲೆ ಹತ್ತುತ್ತಾನೆ.

ನಿಜವಾದ ಮಡಿ ಕಾಣುವುದು ಪಾತ್ರೆಗಳಲ್ಲಿ. ಮನೆಯವರ ಬಾಣಲೆ, ಬಟ್ಟಲು, ಲಟ್ಟಣಿಗೆ ಎಲ್ಲಕ್ಕೂ ಈರುಳ್ಳಿ ಸೋಕಿದೆ. ಆದ್ದರಿಂದ ಚಿರೋಟಿಯ ಬಿಸ್ಕತ್ತಿಗೆ ಬೇರೆ ಬಟ್ಟಲು, ಬೇರೆ ಲಟ್ಟಣಿಗೆ, ಬೇರೆ ತಟ್ಟೆ, ಬೇರೆ ಕಪಾಟು. ಹಿಟ್ಟು ಕಲಸುವಾಗ ಅಡುಗೆಮನೆಗೆ ಅಡ್ಡಗೇಟು ಹಾಕುತ್ತಾರೆ. ನಾಯಿಯ ಆಹಾರದಲ್ಲಿ ನಾಯಿಕೂದಲು ಬೀಳಬಾರದಲ್ಲ! ಗೇಟಿನಾಚೆ ಚಿರೋಟಿ ಕೂತೇ ಇರುತ್ತಾಳೆ, ಗೆರೆ ದಾಟುವುದಿಲ್ಲ. "ಈ ಮನೇಲಿ ಮಡಿ ಅಂದ್ರೆ ದೂರ ನಿಲ್ಲೋಳು ಇವಳೊಬ್ಬಳೇ" ಎಂದು ಅಜ್ಜಿ ಮೆಚ್ಚಿದರು. ಅವರು ತಂದಿದ್ದ ಸ್ಟೀಲಿನ ಮಡಿಪಾತ್ರೆಯಲ್ಲಿ ಮೊಮ್ಮಗ ಒಂದು ದಿನ ನೂಡಲ್ಸ್ ಕಲಸಿಬಿಟ್ಟ. ಅಜ್ಜಿಗೆ ಧರ್ಮಸಂಕಟ. ಈರುಳ್ಳಿ ಮುಟ್ಟಿದ ಮನುಷ್ಯರ ಪಾತ್ರೆಯೋ, ಈರುಳ್ಳಿ ಕಾಣದ ನಾಯಿಯ ಪಾತ್ರೆಯೋ? ಒಂದಿಡೀ ಬೆಳಿಗ್ಗೆ ಯೋಚಿಸಿ ಕೇಳಿದರು: "ಅದಕ್ಕೆ ಮೊಟ್ಟೆ ಹಾಕ್ತೀಯೇನೇ?"

ಹಾಕುತ್ತಿದ್ದಳು. ಆ ದಿನದಿಂದ ನಿಂತಿತು. ಕುಂಬಳದ ಜಿಗುಟೇ ಓಟ್ಸ್ ಹಿಟ್ಟನ್ನು ಹಿಡಿದುಕೊಳ್ಳುತ್ತದೆ ಎಂದು ಅಜ್ಜಿ ತೋರಿಸಿಕೊಟ್ಟರು, ಚಿರೋಟಿಯ ಬಟ್ಟಲು ಶುದ್ಧವಾಯಿತು. ಏಕಾದಶಿಯ ಮರುದಿನದ ಅವಲಕ್ಕಿ ಮೊಸರು ಈಗ ಅದರಲ್ಲೇ ಕಲಸುವುದು. ಇದನ್ನು ತುಮಕೂರಿಗೆ ಫೋನಿನಲ್ಲಿ ಹೇಳಕೂಡದೆಂದು ಮನೆಯವರೆಲ್ಲರಿಂದ ಮಾತು ತೆಗೆದುಕೊಂಡಿದ್ದಾರೆ.

ಬೇಯಿಸುವ ಕ್ರಮದಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ: ಕಲಸಿ, ಲಟ್ಟಿಸಿ, ಅಚ್ಚೊತ್ತಿ, 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಗರಿಯಾಗುವವರೆಗೆ. ಅಲಂಕಾರಕ್ಕೆ ಹೋಗುವ ಹೊತ್ತು ಅದರ ಮೂರರಷ್ಟು. ಹಳದಿ ಎಲೆಗೆ ಅರಿಸಿನ, ಕೆಂಪು ಎಲೆಗೆ ಬೀಟ್‌ರೂಟ್, ಇನ್ನೂ ಹಣ್ಣಾಗದ ಎಲೆಗೆ ಪಾಲಕ್, ನರಗಳಿಗೆ ಮೊಸರು. ನಾಯಿಯ ಕಣ್ಣಿಗೆ ನೀಲಿ ಹಳದಿ ಕಾಣುತ್ತವೆ. ಕೆಂಪು ಹಸಿರು ಎರಡೂ ಒಂದೇ ಮಂಕು ಬಣ್ಣ. ಚಿರೋಟಿಯ ಪಾಲಿಗೆ ಮೇಪಲ್ ಕಾಡಿನ ವೈಭವವೂ ಅಷ್ಟೇ, ತಟ್ಟೆಯ ವೈಭವವೂ ಅಷ್ಟೇ. ಎಲೆಯನ್ನು ಅವಳ ಮೂಗಿನ ಮುಂದೆ ಹಿಡಿದು ಫೋನ್ ಸಿದ್ಧಮಾಡಿ ಫೋಟೊ ತೆಗೆಯಬೇಕು. ಫೋಟೊದಲ್ಲಿ ಬರೀ ಬಾಲ ಬರುತ್ತದೆ. ಎಲೆ ಅಷ್ಟರಲ್ಲಿ, ಅಗಿಸಿಕೊಳ್ಳುವ ಭಾಗ್ಯವೂ ಇಲ್ಲದೆ, ಒಳಗೆ ಹೋಗಿರುತ್ತದೆ.

ಚಿರೋಟಿಯಪ್ಪ ಸಾಫ್ಟ್‌ವೇರಿನವನು. ತಿಂಡಿಯ ಪಾಲು ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ಮೀರಬಾರದೆಂಬ ಪಶುವೈದ್ಯರ ಸೂತ್ರ ಹಿಡಿದು ಎಕ್ಸೆಲ್ ಹಾಳೆ ಮಾಡಿದ್ದಾನೆ. ತನ್ನ ಹೊಟ್ಟೆಗೆ ಅಂಥ ಹಾಳೆ ಇಲ್ಲ. ಹೆಂಡತಿಯನ್ನು ಕೆಣಕಬೇಕೆನಿಸಿದಾಗ ಅವನು ಜೇಮ್ಸ್ ಸ್ಪ್ರಾಟ್‌ನ ಕಥೆ ಎತ್ತುತ್ತಾನೆ. ಆ ಅಮೆರಿಕನ್ 1860ರ ಸುಮಾರಿಗೆ ಸಿಡಿಲುವಾಹಕ ಮಾರಲು ಲಂಡನ್‌ಗೆ ಹೋಗಿ, ಹಡಗುಕಟ್ಟೆಯಲ್ಲಿ ನಾವಿಕರು ಬಿಸಾಡಿದ ಕಲ್ಲುಬಿಸ್ಕತ್ತನ್ನು ನಾಯಿಗಳು ಮುಕ್ಕುವುದು ನೋಡಿ, ನಾಯಿ ಬಿಸ್ಕತ್ತಿನ ವ್ಯಾಪಾರ ಹೂಡಿದನಂತೆ. "ಬಿಸಾಡಿದ್ದು ತಿಂದೇ ಬೆಳೆದ ವಂಶ ಕಣೇ" ಎನ್ನುತ್ತಾನೆ. "ಯಾರ ವಂಶ?" ಎನ್ನುತ್ತಾಳೆ ಅವಳು. ಚರ್ಚೆ ಅಲ್ಲಿಗೆ ನಿಲ್ಲುತ್ತದೆ.

ಇದೆಲ್ಲದರ ಶಿಖರ ನವರಾತ್ರಿ. ಮೈಸೂರು ಕಡೆಯ ಸಂಪ್ರದಾಯದಂತೆ ಗೊಂಬೆ ಕೂರಿಸುತ್ತಾಳೆ. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಈ ವರ್ಷ ಜಂಬೂಸವಾರಿ. ಆನೆಗಳ ಹಿಂದೆ ಪ್ಲಾಸ್ಟಿಕ್ಕಿನ ಗೋಲ್ಡನ್‌ಡೂಡಲ್ ಒಂದು ಗತ್ತಿನಿಂದ ನಡೆದಿತ್ತು. ಗೊಂಬೆ ನೋಡಲು ಬಂದ ಮಕ್ಕಳಿಗೆ ಬೊಂಬೆ ಬಾಗಿನ ಕೊಡಬೇಕು. ಅಂಗಡಿಯ ಪ್ಯಾಕೆಟ್ಟಿನ ಕೋಡುಬಳೆ, ಡಬ್ಬದ ರವೆಉಂಡೆ ಕಾಗದದ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು. ಅದರ ಪಕ್ಕ, ಮೋಚಾ ಮತ್ತು ಟೆಡ್ಡಿ ಬಂದರೆ ಇರಲಿ ಎಂದು, ಬೆಳ್ಳಿತಟ್ಟೆಯಲ್ಲಿ ಹಳದಿ ಕೆಂಪು ಹಸಿರು ಎಲೆಗಳು.

ಮನೆಯಲ್ಲೇ ಮಾಡಿದ್ದು ಯಾವುದು ಎಂಬುದು ಅನುಭವಸ್ಥರ ಕಣ್ಣಿಗೆ ತಟ್ಟನೆ ತಿಳಿಯುತ್ತದೆ. ಬಸವನಗುಡಿಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಹಿರಿಯ ಅತಿಥಿ ಕುಂಕುಮ ಇಟ್ಟುಕೊಂಡು ನೇರವಾಗಿ ಬೆಳ್ಳಿತಟ್ಟೆಗೆ ಕೈಹಾಕಿದರು. ಚಿರೋಟಿಯಮ್ಮ ಒಳಗೆ ಕಾಫಿ ಬೆರೆಸುತ್ತಿದ್ದಳು. ಅತಿಥಿ ಎಲೆಯನ್ನು ಮುರಿದು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದರು.

"ಉಪ್ಪಿಲ್ಲ, ಸಿಹಿಯಿಲ್ಲ, ಎಣ್ಣೆಯ ಪಸೆಯೂ ಇಲ್ಲ. ಯಾರದ್ದಾದರೂ ವ್ರತವೇನ್ರೀ?"

ಅಜ್ಜಿ ಮೂಲೆಯಲ್ಲಿ ಮಲಗಿದ್ದ ಚಿರೋಟಿಯ ಕಡೆ ಒಮ್ಮೆ ನೋಡಿದರು. "ಹೂಂ ಕಣ್ರೀ, ಮನೇಲಿ ಇಬ್ಬರದು ನಡೀತಿದೆ. ಈಗ ಹಾಲು ಬಿಟ್ಟಿದ್ದೀವಿ, ದಶಮಿ ಕಳೆದ ಮೇಲೆ ಬೇಳೆ."

"ಈ ದೇಶದಲ್ಲಿ ಇಷ್ಟು ನೇಮವಾಗಿ ನಡೆಸ್ತಾರಲ್ಲ, ದೊಡ್ಡದು! ನಮ್ಮ ಯಜಮಾನರಿಗೆ ಬಿ.ಪಿ. ಇದೆ, ಡಾಕ್ಟರು ಉಪ್ಪಿಲ್ಲದ್ದೇ ತಿನ್ನಿ ಅಂದಿದ್ದಾರೆ. ಒಂದು ನಾಲ್ಕು ಕಟ್ಟಿಕೊಡಿ. ಆ ಅಳಿಲಿನ ಆಕಾರದ್ದು ಇದ್ರೆ ಅದೇ ಹಾಕಿ."