ಮೂತಿಗೊಂದು ವಿಂಚು, ಮರಕ್ಕೊಂದು ಹುಕ್ಕು

ಶನಿವಾರ ಬೆಳಗಾದರೆ ತಿಪಟೂರು, ಅರಸೀಕೆರೆ ದಾಟಿ ಹಾರನಹಳ್ಳಿ ಕಡೆ ಬರುವ ಬೆಂಗಳೂರಿನ ಗಾಡಿಗಳ ಮೂತಿ ಬದಲಾಗಿದೆ. ಮೊದಲು ಅಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗಾಡುತ್ತಿದ್ದವು. ಈಗ ವಿಂಚು, ಅಂದರೆ ಹೂತ ಗಾಡಿಯನ್ನು ರೋಪು ಸುತ್ತಿಕೊಂಡು ಎಳೆಯುವ ಮೋಟಾರು, ಕೂತಿದೆ. ಎರಡರ ಕೆಲಸವೂ ಒಂದೇ: ಆಪತ್ತು ಬಾರದಿರಲಿ ಅಂತ ಕಟ್ಟಿಕೊಳ್ಳುವುದು, ಬಂದಾಗ ಅದರಿಂದ ಏನೂ ಆಗದಿರುವುದು. ನಿಂಬೆಹಣ್ಣನ್ನು ಅಮಾವಾಸ್ಯೆಗೊಮ್ಮೆಯಾದರೂ ಬದಲಾಯಿಸುತ್ತಿದ್ದರು. ವಿಂಚಿನ ರೋಪನ್ನು ಅಂಗಡಿಯವನು ಸುತ್ತಿಕೊಟ್ಟ ದಿನದಿಂದ ಯಾರೂ ಬಿಚ್ಚಿಲ್ಲ.

ವಿಂಚು ಕೆಟ್ಟ ವಸ್ತು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ವಾರ್ನ್ ಕಂಪನಿ 1959ರಲ್ಲಿ ಮೋಜಿಗೆ ಕಾಡುಮೇಡು ಸುತ್ತುವವರ ಜೀಪಿಗೆಂದು ಕರೆಂಟಿನ ವಿಂಚು ತಯಾರಿಸಿದಾಗ ಅದಕ್ಕೊಂದು ಅರ್ಥವಿತ್ತು. ಐವತ್ತು ಮೈಲಿ ಸುತ್ತಳತೆಯಲ್ಲಿ ನರಪಿಳ್ಳೆ ಇಲ್ಲದ ಕಡೆ ಹೂತುಕೊಂಡವನಿಗೆ ಅದು ಬೇಕೇ ಬೇಕು. ಹಾರನಹಳ್ಳಿಯಲ್ಲಿ ಹೂತುಕೊಂಡವನಿಗೆ ಕೂಗಳತೆಯಲ್ಲಿ ಟ್ರಾಕ್ಟರ್ ಇದೆ, ಟೀ ಅಂಗಡಿ ಇದೆ, ಬಸ್ಸು ಹಿಡಿದರೆ ಅರಸೀಕೆರೆ ಜಂಕ್ಷನ್ನು ಎಂಟೇ ಕಿಲೋಮೀಟರು. ಆದರೂ ಅರ್ಧ ಲಕ್ಷ ಕೊಟ್ಟು, ಹೆಸರುವಾಸಿ ಮಾಲಾದರೆ ಅದಕ್ಕೂ ಮೇಲೆ ಸುರಿದು, ಮೂತಿಗೆ ವಿಂಚು ಕೂರಿಸಿಕೊಂಡೇ ಬರಬೇಕು. ಇಲ್ಲದಿದ್ದರೆ ಫೋಟೋದಲ್ಲಿ ಗಾಡಿ ಬೋಳುಬೋಳಾಗಿ ಕಾಣುತ್ತದಂತೆ.

ಕೊಳ್ಳುವಾಗಿನ ಸಂಭ್ರಮವನ್ನು ನೋಡಬೇಕು. ಮಗಳ ಮದುವೆಗೆ ಸೀರೆ ಆರಿಸುವಾಗಲೂ ಬೆಲೆ ಕೇಳುವ ಮನುಷ್ಯ ಇಲ್ಲಿ ಪೌಂಡು ಕೇಳುತ್ತಾನೆ. ಲೆಕ್ಕ ಕಷ್ಟದ್ದೇನಲ್ಲ. ಗಾಡಿ, ಜನ, ಸಾಮಾನು ಎಲ್ಲ ಸೇರಿದ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚಿದ್ದರೆ ಸಾಕು. ತುಂಬಿದ ಜಿಮ್ನಿ ಗಾಡಿ ಹೆಚ್ಚೆಂದರೆ 1,545 ಕಿಲೋ. 6,000 ಪೌಂಡಿನದು, ಅಂದರೆ ಸುಮಾರು 2,700 ಕಿಲೋ ಎಳೆಯುವಂಥದ್ದು, ಅದಕ್ಕೆ ಧಾರಾಳವಾಯಿತು. ನಮ್ಮವರು ಹಾಕಿಸುವುದು 12,000 ಪೌಂಡಿನದು. ತುಂಬಿದ ಮೂರು ಜಿಮ್ನಿಗಳನ್ನು ಒಟ್ಟಿಗೆ ತೂಗಿದರೂ ಅಷ್ಟಾಗುವುದಿಲ್ಲ. ಉಕ್ಕಿನ ರೋಪು ಸೇರಿ ಅಂಥ ವಿಂಚು ನಲವತ್ತು ಕಿಲೋ ಆಸುಪಾಸು ತೂಗುತ್ತದೆ, ಕೂರಿಸಲು ಹಾಕುವ ಕಬ್ಬಿಣದ ಬಂಪರಿನ ತೂಕ ಬೇರೆ. ಗಾಡಿಯ ಮುಂಭಾಗ ಬಗ್ಗುತ್ತದೆ. ಬಗ್ಗಿದ್ದನ್ನು ಎತ್ತಲು ಹೊಸ ಸ್ಪ್ರಿಂಗು. ಸ್ಪ್ರಿಂಗು ಎತ್ತಿದ್ದಕ್ಕೆ ದೊಡ್ಡ ಟೈರು. ಇಷ್ಟು ಭಾರ ಹೊತ್ತದ್ದಕ್ಕೇ ಗಾಡಿ ಕೆಸರಿನಲ್ಲಿ ಬೇಗ ಹೂತುಕೊಳ್ಳುತ್ತದೆ. ಹೂತುಕೊಂಡಿತೆಂದರೆ ವಿಂಚು ಬೇಕಾಗಿತ್ತು ಎಂಬುದು ಸಾಬೀತಾದಂತೆ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಆ ಪೌಂಡು ರೋಪು ಸುತ್ತುವ ಡ್ರಮ್ಮಿನ ಮೊದಲ ಪದರಕ್ಕಷ್ಟೇ ಸಿಗುವ ಬಲ. ರೋಪು ಪದರದ ಮೇಲೆ ಪದರ ಸುತ್ತಿಕೊಂಡಷ್ಟೂ ಬಲ ಇಳಿಯುತ್ತದೆ, ಮೇಲಿನ ಪದರಕ್ಕೆ ಬರುವಷ್ಟರಲ್ಲಿ ಮೂರರಲ್ಲೊಂದು ಭಾಗ ಹೋಗಿರುತ್ತದೆ. ಆದ್ದರಿಂದ ರೋಪನ್ನು ಉದ್ದಕ್ಕೆ ಬಿಚ್ಚಿ ಎಳೆಯಬೇಕು. ಹಾಗಂತ ಪೂರ್ತಿ ಬಿಚ್ಚುವಂತಿಲ್ಲ, ಉಕ್ಕಿನದಾದರೆ ಐದು ಸುತ್ತು, ಸಿಂಥೆಟಿಕ್ಕಾದರೆ ಎಂಟು ಹತ್ತು ಸುತ್ತು ಡ್ರಮ್ಮಿನಲ್ಲೇ ಉಳಿಯಬೇಕು. ಇದು ಮಾಲಿನ ಜತೆ ಬರುವ ಪುಸ್ತಕದಲ್ಲಿದೆ. ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ, ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ.

ಸರಿ, ಊರಿಗೆ ಬಂದರು. ಬಂದದ್ದು ಚೆನ್ನಕೇಶವ ದೇವಾಲಯ ನೋಡಲು ಎಂದು ಮನೆಯಲ್ಲಿ ಹೇಳಿರುತ್ತಾರೆ. ಹದಿಮೂರನೆಯ ಶತಮಾನದಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ತ್ರಿಕೂಟ ಗುಡಿ. ಆ ಕಲ್ಲುಗಳನ್ನು ಜಗತಿಯ ಮೇಲಕ್ಕೆ ಏರಿಸಿದವರ ಕೈಯಲ್ಲಿ ರಿಮೋಟ್ ಇರಲಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಅಲ್ಲಿಗೆ ಜನಜಾತ್ರೆ. ಹಾರನಹಳ್ಳಿ ಪಟ್ಟಿಯಲ್ಲಿಲ್ಲ, ಹಾಗಾಗಿ ಇಲ್ಲಿ ಗಾಡಿ ನಿಲ್ಲಿಸಲು ಜಾಗವಿದೆ, ಬೈಯುವವರಿಲ್ಲ. ಗುಡಿಗೆ ಹತ್ತು ನಿಮಿಷ. ಆಮೇಲೆ ಕೆರೆ ಅಂಗಳ.

ಹಾರನಹಳ್ಳಿ ಎಂದರೆ ನಾಡಿಗೆಲ್ಲ ಕೋಡಿಮಠದ ಭವಿಷ್ಯವಾಣಿ ನೆನಪಾಗುತ್ತದೆ. ಈ ಗಾಡಿ ಎಲ್ಲಿ ಹೂತುಕೊಳ್ಳುತ್ತದೆ ಎಂದು ತಿಳಿಯಲು ಮಠದ ತನಕ ಹೋಗಬೇಕಿಲ್ಲ. ದನ ಮೇಯಿಸುವ ಹುಡುಗನೇ ಹೇಳುತ್ತಾನೆ, “ಅಣ್ಣಾ, ಆ ಕಡೆ ಹೋಗ್ಬೇಡಿ, ಗೋಡು ಐತೆ.” ಮೇಲೆ ಬಿರುಕು ಬಿಟ್ಟ ಒಣ ಪದರ, ಕೆಳಗೆ ಮಳೆನೀರು ಹೀರಿಕೊಂಡು ಕೂತ ಕೆರೆಗೋಡು. ಅಣ್ಣ ಕನ್ನಡಕ ಸರಿಮಾಡಿಕೊಂಡು, “ಇದು ಫೋರ್ ಬೈ ಫೋರ್ ಕಣೋ” ಎನ್ನುತ್ತಾನೆ. ನಾಲ್ಕು ಚಕ್ರಕ್ಕೂ ಶಕ್ತಿ ಇದ್ದರೆ ನಾಲ್ಕೂ ಒಟ್ಟಿಗೆ ತಿರುಗಿ, ನಾಲ್ಕೂ ಒಟ್ಟಿಗೆ ಇಳಿಯುತ್ತವೆ. ಇಳಿಯಿತು.

ಆ ಹೊತ್ತಿಗೆ ಮಾಡಬೇಕಾದದ್ದು ಸುಲಭ. ಎಕ್ಸಲರೇಟರಿನಿಂದ ಕಾಲು ತೆಗೆಯುವುದು. ಟೈರಿನ ಗಾಳಿ ಹದಿನೈದು, ಹದಿನೆಂಟು ಪಾಯಿಂಟಿಗೆ ಇಳಿಸುವುದು. ಚಕ್ರದ ಮುಂದಿನ ಮಣ್ಣನ್ನು ಸಲಿಕೆಯಿಂದ ಬಿಡಿಸಿ, ಸೊಪ್ಪೋ ಸೋಗೆಯೋ ತುರುಕಿ, ನಿಧಾನಕ್ಕೆ ಹಿಂದೆ ಬರುವುದು. ಬಹಳಷ್ಟು ಸಲ ಇಷ್ಟರಲ್ಲೇ ಗಾಡಿ ಮೇಲೆ ಬರುತ್ತದೆ. ಆದರೆ ಸಲಿಕೆಗೆ ಮುನ್ನೂರು ರೂಪಾಯಿ; ಅಷ್ಟು ಅಗ್ಗದ ವಸ್ತುವನ್ನು ಇಂಥ ಗಾಡಿಯಲ್ಲಿ ಇಟ್ಟುಕೊಂಡರೆ ಮರ್ಯಾದೆ ಏನಾಗಬೇಕು? ವಿಂಚೇ ಆಗಬೇಕು.

ವಿಂಚಿಗೆ ಎದುರಿಗೊಂದು ಗಟ್ಟಿ ಆಸರೆ ಬೇಕು ಎಂಬುದು ಆಗ ಹೊಳೆಯುತ್ತದೆ. ಸಿನಿಮಾದಲ್ಲಿ ಮರ ತಾನಾಗಿಯೇ ಎದುರಿಗಿರುತ್ತದೆ. ಅರಸೀಕೆರೆ ಸೀಮೆಯಲ್ಲೂ ಇದೆ: ತೆಂಗಿನ ಮರ. ರೋಪನ್ನು ಸೀದಾ ಮರಕ್ಕೆ ಸುತ್ತಿ, ಹುಕ್ಕನ್ನು ಅದೇ ರೋಪಿಗೆ ಸಿಕ್ಕಿಸುತ್ತಾರೆ. ರೋಪು ಹಾಳಾಗಲು ಅಷ್ಟು ಸಾಕು. ಮರ ಹಾಳಾಗಲೂ ಅಷ್ಟೇ ಸಾಕು. ಬೇವಿಗೋ ಹುಣಸೆಗೋ ಗಾಯವಾದರೆ ತೊಗಟೆ ಬೆಳೆದು ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡದಲ್ಲಿ ಹಾಗೆ ಹೊಸದಾಗಿ ಬೆಳೆದು ಗಾಯ ಮುಚ್ಚುವ ಪದರವೇ ಇಲ್ಲ. ಇವತ್ತು ಕೊರೆದ ಗೆರೆ ಮರ ಇರುವ ತನಕ ಹಾಗೇ ಇರುತ್ತದೆ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ, ಮರಿ ಒಳಗೊಳಗೇ ತಿರುಳು ತಿನ್ನುತ್ತದೆ, ಹೊರಗೆ ತಿಳಿಯುವಷ್ಟರಲ್ಲಿ ಮರ ಮುಗಿದಿರುತ್ತದೆ. ನುಸಿಪೀಡೆ ಕಂಡ, ಬರ ಕಂಡ, ಕೊಬ್ಬರಿ ಬೆಲೆಯ ಏರಿಳಿತ ಕಂಡ ತೋಟಕ್ಕೆ ಇದೊಂದು ಹೊಸ ರೋಗ. ಹರಡುವುದು ವಾರದ ಕೊನೆಯಲ್ಲಿ ಮಾತ್ರ.

ತೋಟದ ಯಜಮಾನರು ಬರುತ್ತಾರೆ. “ಯಾಕ್ ಸಾರ್, ಮರಕ್ಕೆ ಕಟ್ಟೀರಿ?”

“ಅಂಕಲ್, ಫೈವ್ ಮಿನಿಟ್ಸ್. ಮರಕ್ಕೇನೂ ಆಗಲ್ಲ, ಇದು ಸಿಂಥೆಟಿಕ್ ರೋಪು.”

“ನಿಮ್ ಹಗ್ಗಕ್ಕೇನೂ ಆಗಲ್ಲ ಬುಡಿ. ಮರ ನಂದು.”

ಮರಕ್ಕೆ ಸುತ್ತಲು ಅಗಲ ಪಟ್ಟಿ ಎಂದೇ ಒಂದು ಸಿಗುತ್ತದೆ. ಮರವೇ ಇಲ್ಲದ ಕಡೆ ಸ್ಟೆಪ್ನಿಯನ್ನು ಆಳಕ್ಕೆ ಹೂತು ಅದಕ್ಕೇ ರೋಪು ಕಟ್ಟಿ ಎಳೆಯುವ ಉಪಾಯವೂ ಇದೆ. ಅದಕ್ಕೆ ಗುಂಡಿ ತೋಡಬೇಕು. ಸಲಿಕೆಯ ವಿಷಯ ಆಗಲೇ ಹೇಳಿದೆನಲ್ಲ.

ಇಷ್ಟರಲ್ಲಿ ವಿಂಚಿನ ಬಟನ್ ಒತ್ತಿದ್ದಾರೆ. ಎಂಜಿನ್ ಆಫ್ ಆಗಿದೆ, ಹಾಡು ಆನ್ ಆಗಿದೆ. ಪೂರ್ತಿ ಭಾರ ಬಿದ್ದಾಗ ದೊಡ್ಡ ವಿಂಚು 400 ಆಂಪಿಯರಿನಷ್ಟು ಕರೆಂಟು ಎಳೆಯುತ್ತದೆ. ಎಂಜಿನ್ ಓಡುತ್ತಿದ್ದರೂ ಆಲ್ಟರ್ನೇಟರು ಅಷ್ಟು ಕೊಡಲಾರದು. ಅದಕ್ಕೇ ಒಂದು ನಿಮಿಷ ಎಳೆದು, ನಾಲ್ಕಾರು ನಿಮಿಷ ಬಿಟ್ಟು, ಮತ್ತೆ ಎಳೆಯಬೇಕು. ಇವರದು ನಿಲ್ಲಿಸದ ಎಳೆತ. ಬಿಗಿದ ರೋಪನ್ನು ದಾಟಿಕೊಂಡು ಒಬ್ಬ ವಿಡಿಯೋ ಮಾಡುತ್ತಾನೆ. ಉಕ್ಕಿನ ರೋಪು ತುಂಡಾದರೆ ಚಾಟಿ ಬೀಸಿದ ಹಾಗೆ ಬರುತ್ತದೆ, ಎದುರಿಗಿದ್ದದ್ದು ಕಾಲೋ ಕುತ್ತಿಗೆಯೋ ಅಂತ ನೋಡುವುದಿಲ್ಲ. ರೋಪಿನ ನಡುವೆ ಮಣ್ಣು ತುಂಬಿದ ಗೋಣಿಚೀಲ ಹೇರಿದರೂ ಆ ಹೊಡೆತ ಬಹಳಷ್ಟು ತಗ್ಗುತ್ತದೆ. ಗೋಣಿಚೀಲ ಊರ ತುಂಬ ಇದೆ, ಆನ್‌ಲೈನಿನಲ್ಲಿ ಇಲ್ಲವಾದ್ದರಿಂದ ಇವರಿಗೆ ಕಂಡಿಲ್ಲ. ಸದ್ಯ, ರೋಪಿಗಿಂತ ಮೊದಲು ಬ್ಯಾಟರಿ ಸತ್ತಿತು. ಹಾಡೂ ನಿಂತಿತು.

ವಿಂಚು ಅಂದರೇನೆಂದು ತಿಳಿದವರು ಇದೇ ಸೀಮೆಯಲ್ಲಿ ಇದ್ದಾರೆ, ಅವರ ಗಾಡಿಯ ಮೇಲೆ ಸ್ಟಿಕ್ಕರ್ ಇರುವುದಿಲ್ಲ ಅಷ್ಟೆ. ಬೋರಿನಿಂದ ಮೋಟಾರ್ ಎತ್ತುವವರು. 600 ಅಡಿ ಬೋರೆಂದರೆ ಇಪ್ಪತ್ತಡಿಯ ಮೂವತ್ತು ಪೈಪು. ಎರಡಿಂಚಿನ ಕಬ್ಬಿಣದ ಪೈಪಾದರೆ ಅದೇ ಒಂಬೈನೂರು ಕಿಲೋ ದಾಟುತ್ತದೆ. ಒಳಗೆ ನಿಂತ ನೀರು, ಕೆಳಗಿನ ಮೋಟಾರು, ಪಂಪು ಸೇರಿದರೆ ಟನ್ನಿನ ಮೇಲಾಯಿತು. ಬೋರಿನ ಬಾಯಿಗೆ ಮೂರು ಕಾಲು ನಿಲ್ಲಿಸಿ, ಮೇಲೆ ರಾಟೆ ಕಟ್ಟಿ, ಒಂದು ಪೈಪು ಮೇಲೆ ಬಂದ ಕೂಡಲೇ ಕೆಳಗಿನದಕ್ಕೆ ಕ್ಲ್ಯಾಂಪು ಬಿಗಿದು, ಅದು ಕಚ್ಚಿತೇ ಎಂದು ಕೈಯಿಂದ ತಟ್ಟಿ ನೋಡಿ, ಆಮೇಲಷ್ಟೇ ಮೇಲಿನ ಪೈಪಿನ ಮರೆ ಬಿಚ್ಚುತ್ತಾರೆ. ರೋಪಿನ ಎದುರಿಗೆ ಯಾರನ್ನೂ ನಿಲ್ಲಗೊಡುವುದಿಲ್ಲ. ನಿಂತರೆ ಅವರಿಂದ ಬರುವ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಇನ್ನೊಂದು ರಾಟೆ ಸೇರಿಸಿದರೆ ವೇಗ ಅರ್ಧವಾಗಿ ಬಲ ದುಪ್ಪಟ್ಟಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ಗಾಡಿಯಲ್ಲೂ ಅಂಥದೇ ರಾಟೆ ಇತ್ತು, ಸ್ನ್ಯಾಚ್ ಬ್ಲಾಕ್ ಎಂಬ ಹೆಸರಿನಲ್ಲಿ. ಅದು ಟಿಫಿನ್ ಬುಟ್ಟಿಯ ಕೆಳಗಿತ್ತು.

ಕಾನೂನಿನ ಮಾತೂ ಒಂದಿದೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಗಾಡಿ ಮುಂದಿನ ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ರಾಜ್ಯಗಳಿಗೆ ಬರೆಯಿತು. ಕಂಪನಿ ಕೊಟ್ಟ ಗಾಡಿಯ ಮೂಲ ರೂಪ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ವಿಂಚು ಹೊರಲೆಂದು ಹಾಕಿಸುವ ಕಬ್ಬಿಣದ ಬಂಪರು ಎದುರು ಬಂದ ಟಿವಿಎಸ್ಸಿನವನ ಮೊಳಕಾಲಿಗೆ ಏನು ಮಾಡುತ್ತದೆ ಎನ್ನುವುದು ನ್ಯಾಯಾಲಯಕ್ಕೆ ತಿಳಿದಿದೆ. ಬಂಪರ್ ಮಾರುವವನಿಗೂ ತಿಳಿದಿದೆ.

ಕೊನೆಗೆ ಟ್ರಾಕ್ಟರ್ ಬಂತು. ಅದನ್ನು ಓಡಿಸುತ್ತಿದ್ದ ಹುಡುಗ ನೊಗದಷ್ಟು ದಪ್ಪದ ನೈಲಾನ್ ಹಗ್ಗವನ್ನು ಗಾಡಿಯ ಛಾಸಿಗಿದ್ದ ಕೊಕ್ಕೆಗೆ ಹಾಕಿ, ಗೇರಿಗಿಟ್ಟು, ಹಿಂದೆ ನೋಡುತ್ತಾ ನಿಧಾನಕ್ಕೆ ಎಳೆದ. ಗಾಡಿ ಗೋಡು ಬಿಟ್ಟು ಮೇಲೆ ಬಂತು. ಡೀಸೆಲಿಗೆಂದು ಅವನು ಕೇಳಿದ ದುಡ್ಡಿಗೆ ಚೌಕಾಸಿ ನಡೆಯಿತು. ಅರ್ಧ ಲಕ್ಷದ ವಿಂಚಿಗೆ ಚೌಕಾಸಿ ಮಾಡಿರಲಿಲ್ಲ.

ಆದ್ದರಿಂದ, ಸ್ವಾಮಿ, ವಿಂಚು ಕೊಳ್ಳಲೇಬೇಕೆಂದಿದ್ದರೆ ಕೊಳ್ಳಿ. ಗಾಡಿಯ ತೂಕ ನೋಡಿ ಕೊಳ್ಳಿ, ಜತೆಗೆ ಪಟ್ಟಿ, ಕೈಗವಸು, ರಾಟೆ, ಸಲಿಕೆ ಇರಲಿ, ಮನೆ ಮುಂದೆ ಒಮ್ಮೆ ರೋಪು ಬಿಚ್ಚಿ ಸುತ್ತಿ ನೋಡಿ. ಕೆರೆಗೆ ಇಳಿಯುವ ಮುಂಚೆ ದನ ಕಾಯುವವನನ್ನು ಕೇಳಿ. ತೆಂಗಿನ ಮರಕ್ಕೆ ಮಾತ್ರ ಹುಕ್ಕು ಹಾಕಬೇಡಿ.