ಐದು ನಿಮಿಷ, ಪ್ರಶ್ನೆ ಬೇಡ

ರೀ, ಒಂದು ಬಾಜಿ ಕಟ್ಟೋಣವೇ? ಗಡಿಯಾರ ನೋಡಿಕೊಂಡು ಬರೀ ಐದು ನಿಮಿಷ ನಿಮ್ಮ ಪುಟ್ಟನ ಪಕ್ಕ ಕೂತುಕೊಳ್ಳಿ. ಅವನ ಪಾಡಿಗೆ ಅವನು ಆಡುತ್ತಿರಲಿ. ನೀವು ಮಾತಾಡಬಹುದು, ಎಷ್ಟು ಬೇಕಾದರೂ. ಆದರೆ ಪ್ರಶ್ನೆ ಕೇಳಬಾರದು, ‘ಅದು ಮಾಡು ಇದು ಬಿಡು’ ಅನ್ನಬಾರದು, ತಪ್ಪು ಎತ್ತಿ ಆಡಬಾರದು. ಈ ಮೂರೂ ಸೇರಿ ಮೂರು ಸಲ ದಾಟಿದರೆ ನೀವು ಸೋತಿರಿ.

ಎದುರುಮನೆಯಾಕೆ ಮೊನ್ನೆ ಕೂತು ನೋಡಿದರು. ‘ಏನೋ ಮಾಡ್ತಿದೀಯ?’ ಅಲ್ಲಿಗೆ ಒಂದು. ‘ಆನೆಗೆ ಯಾರಾದ್ರೂ ಹಸಿರು ಬಣ್ಣ ಬಳೀತಾರೇನೋ?’ ಪ್ರಶ್ನೆಯೂ ಆಯಿತು, ಕೊಂಕೂ ಆಯಿತು. ‘ನೆಟ್ಟಗೆ ಕೂತ್ಕೋ!’ ಮುಗೀತು. ಒಂದು ನಿಮಿಷವೂ ತುಂಬಿರಲಿಲ್ಲ. ಮಕ್ಕಳ ಜೊತೆ ನಾವು ಮಾತಾಡುತ್ತೇವೆ ಅಂದುಕೊಂಡಿರುತ್ತೇವೆ, ಅಷ್ಟೆ. ಮಾಡುವುದೆಲ್ಲ ವಿಚಾರಣೆ. ಹೋಂವರ್ಕ್ ಆಯ್ತಾ, ಡಬ್ಬಿ ಖಾಲಿ ಮಾಡಿದ್ಯಾ, ಮಿಸ್ ಏನಂದ್ರು. ಪೊಲೀಸ್ ಸ್ಟೇಷನ್ನಿನಲ್ಲೂ ನಡುವೆ ಒಂದು ಟೀ ಕೊಡುತ್ತಾರಂತೆ.

ಇದು ನಾನು ಹೊಸೆದ ಆಟವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಒಂದು ತರಬೇತಿಯಿದೆ, ಪೇರೆಂಟ್-ಚೈಲ್ಡ್ ಇಂಟರ್‌ಆಕ್ಷನ್ ಥೆರಪಿ ಅಂತ. ಅದರ ಮೊದಲ ಹಂತದಲ್ಲಿ ಅಪ್ಪ-ಅಮ್ಮ ಪಾಸಾಗಬೇಕಾದ ಪರೀಕ್ಷೆಯೇ ಇದು. ಬಾಯಿ ಮುಚ್ಚಿ ಕೂತರೂ ಪಾಸಿಲ್ಲ. ಅದೇ ಐದು ನಿಮಿಷದಲ್ಲಿ 10 ಸಲ ಮೆಚ್ಚಬೇಕು; ಬರೀ ‘ಭೇಷ್’ ಅಂದರೆ ಲೆಕ್ಕಕ್ಕಿಲ್ಲ, ‘ಬ್ಲಾಕನ್ನು ಮೆಲ್ಲಗೆ ಇಟ್ಟೆಯಲ್ಲ, ಚೆನ್ನಾಗಿತ್ತು’ ಎಂದು ಬಿಡಿಸಿ ಹೇಳಬೇಕು. 10 ಸಲ ಮಗುವಿನ ಮಾತನ್ನೇ ಎತ್ತಿಕೊಂಡು ಆಡಬೇಕು. ಇನ್ನೂ 10 ಸಲ ಮಗು ಮಾಡುತ್ತಿರುವುದನ್ನು ಕಾಮೆಂಟರಿಯವರ ಹಾಗೆ ಹೇಳುತ್ತ ಹೋಗಬೇಕು. ಮೂವತ್ತು ಸಲ ಬಾಯಿ ತೆರೆದು ಒಮ್ಮೆಯೂ ಗದರದೆ ಇರುವುದು! ನಮ್ಮ ಕಡೆ ಮದುವೆಮನೆಯ ಬೀಗರ ಹತ್ತಿರ ಮಾತ್ರ ಈ ಪರಿಯ ಸಂಯಮ ಕಂಡಿದ್ದೇನೆ.

ಕಲಿಸುವ ರೀತಿ ಇನ್ನೂ ಮಜವಾಗಿದೆ. ಒಂದು ಕೋಣೆ, ಅಮ್ಮ, ಮಗು, ಒಂದಿಷ್ಟು ಬ್ಲಾಕು, ಬಣ್ಣದ ಕಡ್ಡಿ. ಕತ್ತಿ ಬಂದೂಕಿನ ಆಟಿಕೆಗೆ ಪ್ರವೇಶವಿಲ್ಲ. ಗೋಡೆಯಲ್ಲಿ ಒಂದು ಗಾಜು, ಈಚೆಗೆ ಕನ್ನಡಿ, ಆಚೆಗೆ ಕಿಟಕಿ. ಆಚೆ ಕೂತ ತರಬೇತುದಾರಳು ಅಮ್ಮನ ಕಿವಿಗೆ ಸಿಕ್ಕಿಸಿದ ಪುಟ್ಟ ಯಂತ್ರದಲ್ಲಿ ಉಸುರುತ್ತಾ ಹೋಗುತ್ತಾಳೆ. ‘ಕೆಂಪು ಬ್ಲಾಕು ಮೇಲಿಟ್ಟ ನೋಡಿ, ಅದನ್ನೇ ಹೇಳಿ.’ ‘ರಚ್ಚೆ ಹಿಡಿದ, ಆ ಕಡೆ ನೋಡಬೇಡಿ.’ ‘ಸುಮ್ಮನಾದ. ಈಗ, ಈಗಲೇ ಹೊಗಳಿ.’ ಹಿಂದೆ ಈ ಕೆಲಸವನ್ನು ನಡುಮನೆಯಲ್ಲಿ ಬತ್ತಿ ಹೊಸೆಯುತ್ತ ಕೂತ ಅಜ್ಜಿ ಯಂತ್ರವಿಲ್ಲದೆ ಮಾಡುತ್ತಿದ್ದಳು: ‘ಬಿಡೇ ಅದನ್ನ, ನಿದ್ದೆಗೆ ಅಳ್ತಿದೆ.’ ಹಾಗಂತ ಅಜ್ಜಿಯರನ್ನೆಲ್ಲ ಅಟ್ಟಕ್ಕೆ ಏರಿಸಬೇಡಿ. ‘ಇನ್ನೆರಡು ಬಿಗಿ, ಬುದ್ಧಿ ಬರುತ್ತೆ’ ಅಂದವರೂ ಅವರೇ.

ಇದೇನು, ಕಾಸು ಹೆಚ್ಚಾದವರ ಚಟ ಅಂತೀರಾ? ಕೇಳಿ. ಓಕ್ಲಹೋಮಾದಲ್ಲಿ ಮಾರ್ಕ್ ಚಾಫಿನ್ ಮತ್ತು ಜೊತೆಗಾರರು ಇದನ್ನು ಕಲಿಸಿದ್ದು ಮಕ್ಕಳಿಗೆ ಹೊಡೆದು ಸರ್ಕಾರಿ ದಾಖಲೆಯಲ್ಲಿ ಹೆಸರು ಬಿದ್ದವರಿಗೆ. ಒಟ್ಟು 110 ಮಂದಿ. ಯಾರು ಯಾವ ಗುಂಪಿಗೆ ಅನ್ನುವುದನ್ನು ಅದೃಷ್ಟಕ್ಕೆ ಬಿಟ್ಟು ಮೂರು ಗುಂಪು ಮಾಡಿದರು. ಒಂದಕ್ಕೆ ಕಿವಿಯಂತ್ರದ ತರಬೇತಿ. ಇನ್ನೊಂದಕ್ಕೆ ಅದರ ಜೊತೆಗೆ ಖಿನ್ನತೆ, ಗಂಡ-ಹೆಂಡಿರ ಜಗಳ, ಕುಡಿತ ಇವಕ್ಕೂ ಬೇರೆ ಸಹಾಯ. ಮೂರನೆಯದಕ್ಕೆ ಊರಲ್ಲಿ ಮೊದಲಿಂದ ನಡೆಯುತ್ತಿದ್ದ ಮಾಮೂಲಿ ಗುಂಪು ತರಗತಿ. ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದು, ಯಾರ ಮೇಲೆ ಮತ್ತೆ ಹೊಡೆತದ ದೂರು ಬಂತು ಅಂತ ದಾಖಲೆ ತೆಗೆದು ನೋಡಿದರು. 2004ರಲ್ಲಿ ಫಲಿತಾಂಶ ಅಚ್ಚಾಯಿತು. ಮಾಮೂಲಿ ತರಗತಿಯವರಲ್ಲಿ ನೂರಕ್ಕೆ 49 ಮಂದಿ ಮತ್ತೆ ದೂರಿನ ಪಟ್ಟಿಗೆ ಸೇರಿದ್ದರು. ಕಿವಿಯಂತ್ರದವರಲ್ಲಿ 19.

ಎಲ್ಲ ಸೇರಿಸಿ ಬಡಿಸಿದ ಗುಂಪಿನಲ್ಲಿ? 36. ನನಗೆ ಹಿಡಿಸಿದ್ದು ಈ ಅಂಕಿ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದಾಗಲಿಲ್ಲ. ಮನೆಯ ಕಷ್ಟ ಸುಳ್ಳು ಅಂತಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ; ಆ ಕೊತ್ತಿಯ ಜಾಗದಲ್ಲಿ ಮಗು ಇರುತ್ತದೆ. ಆದರೆ ಕೈ ಏಳುವ ಆ ಗಳಿಗೆಯಲ್ಲಿ ಬೇರೇನು ಮಾಡಬೇಕು ಅನ್ನುವುದು ಮೈಗೆ ರೂಢಿಯಾಗದಿದ್ದರೆ, ಮಿಕ್ಕ ಮಾತೆಲ್ಲ ಆಮೇಲೆ.

ಮಾತು ಅಂದರೆ ನೆನಪಾಯಿತು. ನಮ್ಮ ಬಡಾವಣೆಯ ಒಂದು ಶಾಲೆಯಲ್ಲಿ ‘ಪೇರೆಂಟಿಂಗ್ ವರ್ಕ್‌ಶಾಪ್’ ಅಂತ ಕರೆದಿದ್ದರಲ್ಲ, ನೀವೂ ಬಂದಿದ್ರಿ. ಎರಡೂವರೆ ಗಂಟೆ ಸ್ಲೈಡು. ‘ಮಕ್ಕಳು ಹೂವಿನಂತೆ’ ಅನ್ನುವ ಸ್ಲೈಡು ಬಂದಾಗ ಹಿಂದಿನ ಸಾಲಿನಾಕೆ ತೊಡೆಯ ಮೇಲಿನ ಹೂವಿಗೆ ‘ಬಾಯ್ಮುಚ್ಚು, ಮನೆಗೆ ಬಾ ನಿನಗಿದೆ’ ಅಂತ ತೊಡೆ ಚಿವುಟುತ್ತಿದ್ದರು. ಉಪದೇಶಕರಿಗೆ ಅದು ಕಾಣಲಿಲ್ಲ, ಕಣ್ಣು ಸ್ಲೈಡಿನ ಮೇಲಿತ್ತು. ಕೊನೆಗೆ ವಡೆ, ಕಾಫಿ, ಗ್ರೂಪ್ ಫೋಟೋ. ಆಕೆಯ ಪಕ್ಕ ಒಬ್ಬರು ಕೂತು ಮೆತ್ತಗೆ ‘ಬಿಸ್ಕತ್ತು ಕೊಟ್ಟು ಹೊರಗೆ ಒಂದು ಸುತ್ತು ಹಾಕಿಸಿ, ಅವನಿಗೆ ಬೇಜಾರಾಗಿದೆ’ ಅಂದಿದ್ದರೆ ಆ ಎರಡೂವರೆ ಗಂಟೆಗಿಂತ ಹೆಚ್ಚು ಕೆಲಸವಾಗುತ್ತಿತ್ತು ಅಂತ ನನ್ನ ವಾದ.

ಹೊಡೆಯುವವರೆಲ್ಲ ರಾಕ್ಷಸರೇನಲ್ಲ. ಒರೆಗಾನಿನ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಗೆ ಜನ ಕಳಿಸಿ ಅಪ್ಪ-ಅಮ್ಮ-ಮಕ್ಕಳ ಜಟಾಪಟಿಯನ್ನು ಬರೆಸಿಕೊಂಡು ಈ ಗಂಟು ಬಿಡಿಸಿದ. ಅಂಗಡಿ ಮುಂದೆ ಮಗು ಚಾಕಲೇಟು ಕೇಳುತ್ತದೆ. ಇಲ್ಲ ಅನ್ನುತ್ತೀರಿ, ಅಳುತ್ತದೆ. ಗದರುತ್ತೀರಿ, ಉರುಳಾಡುತ್ತದೆ. ಕೊಡಿಸಿದಿರೋ, ಉರುಳಾಡಿದರೆ ಸಿಗುತ್ತದೆ ಅಂತ ಅದು ಕಲಿಯಿತು. ಬಿಗಿದಿರೋ, ತಟ್ಟನೆ ಸುಮ್ಮನಾಯಿತು. ಬಿಗಿದರೆ ಶಾಂತಿ ಅಂತ ನೀವು ಕಲಿತಿರಿ. ಮುಂದಿನ ಸಲ ಇಬ್ಬರೂ ಶುರುಮಾಡುವುದೇ ಒಂದು ಮೆಟ್ಟಿಲು ಮೇಲಿಂದ. ಇವತ್ತಿನ ಚಿವುಟು ಎರಡು ವರ್ಷದಲ್ಲಿ ಬೆಲ್ಟಾಗುವುದು ಹೀಗೆ, ಯಾರೂ ಬೇಕೆಂದು ಮಾಡದೆ.

ನಿಮ್ಮ ಅನುಮಾನ ಗೊತ್ತು. ಛಡಿ ಛಂ ಛಂ, ವಿದ್ಯೆ ಘಂ ಘಂ. ಹೊಗಳಿ ಹೊಗಳಿ ಕೂತರೆ ಮಗು ತಲೆಮೇಲೆ ಹತ್ತುವುದಿಲ್ಲವೇ? ಅದಕ್ಕೇ ಎರಡನೇ ಹಂತ. ಅಲ್ಲಿ ಆಜ್ಞೆ ಉಂಟು, ಶಿಸ್ತೂ ಉಂಟು. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ನೇರವಾಗಿ: ‘ಚಪ್ಪಲಿ ಗೂಡಲ್ಲಿಡು.’ ‘ಚಪ್ಪಲಿ ಇಡ್ತೀಯಾ ಸ್ವಲ್ಪ?’ ಅಂದರೆ ‘ಇಲ್ಲ’ ಅನ್ನಲು ನೀವೇ ದಾರಿ ಬಿಟ್ಟ ಹಾಗೆ. ಹೇಳಿ ಐದು ಸೆಕೆಂಡ್ ಸುಮ್ಮನೆ ಕಾಯಬೇಕು. ಮಾಡಿದರೆ ಮೆಚ್ಚುಗೆ. ಮಾಡದಿದ್ದರೆ ಒಂದು ಎಚ್ಚರಿಕೆ, ಆಮೇಲೂ ಇಲ್ಲವೆಂದರೆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಒಂಟಿಯಾಗಿ ಕೂರುವುದು. ಕೂಗಾಟವಿಲ್ಲ. ಆ ಐದು ಸೆಕೆಂಡೇ ಕಷ್ಟ. ನಾವು ಎರಡನೇ ಸೆಕೆಂಡಿಗೆ ‘ಕಿವಿ ಕೇಳಲ್ವಾ?’ ಅಂದಿರುತ್ತೇವೆ.

ಕಾನೂನು ಇದೆಯಲ್ಲ ಅನ್ನಬೇಡಿ. ಶಾಲೆಯಲ್ಲಿ ಬೆತ್ತ ಎತ್ತಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಮನೆಯೊಳಗೆ? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರಿಗೆ ಏಟು ಬಿದ್ದಿತ್ತು. ಮನೆಯಲ್ಲಿ ಏಟು ತಿಂದವರಲ್ಲಿ ಶೇಕಡಾ 88.6 ಮಕ್ಕಳಿಗೆ ಹೊಡೆದವರು ಅಪ್ಪ ಅಥವಾ ಅಮ್ಮ. ಇಷ್ಟು ಮನೆಗಳಿಗೆ ಪೊಲೀಸರನ್ನು ಕಳಿಸುವುದಕ್ಕಾಗುತ್ತದೆಯೇ?

ಕನ್ನಡಿಕೋಣೆ ಕಟ್ಟುವುದೂ ಆಗದು, ಒಪ್ಪಿದೆ. ಆದರೆ ದಕ್ಷಿಣ ಆಫ್ರಿಕದ ಈಸ್ಟರ್ನ್ ಕೇಪ್ ಪ್ರಾಂತದಲ್ಲಿ ಕನ್ನಡಿಯಿಲ್ಲದೆ ಮಾಡಿದರು. ಸಿನೊವುಯೊ ಅಂತ ಹೆಸರು. ಬಡವರ ಊರು-ಕೇರಿ 40, ಕುಟುಂಬಗಳು 552. ಅರ್ಧ ಊರುಗಳಿಗೆ 14 ವಾರದ ತರಬೇತಿ. ನಡೆಸಿದವರು ಡಾಕ್ಟರರಲ್ಲ, ಅಲ್ಲಿನವರೇ. ಹಾಡು, ಊಟ, ನಾಟಕದ ಹಾಗೆ ಅಮ್ಮ ಮಗಳಾಗಿ ಮಗಳು ಅಮ್ಮನಾಗಿ ಜಗಳ ಆಡಿ ತೋರಿಸುವುದು. ದುಡ್ಡು ಹೇಗೆ ಉಳಿಸುವುದು ಅನ್ನುವುದನ್ನೂ ಸೇರಿಸಿದ್ದರು. ತಿಂಗಳ ಕೊನೆಯಲ್ಲಿ ಕೈ ಯಾಕೆ ಹೆಚ್ಚು ಏಳುತ್ತದೆ ಅಂತ ಅವರಿಗೆ ತಿಳಿದಿರಬೇಕು. ಹೊಡೆತ ಬಹಳ ಕಡಿಮೆಯಾಯಿತು ಅಂತ ದೊಡ್ಡವರು ಹೇಳಿದರು. ದೊಡ್ಡವರೇ ಹೇಳಿಕೊಂಡದ್ದು, ಓಕ್ಲಹೋಮಾದ ದಾಖಲೆಯಷ್ಟು ಗಟ್ಟಿಯಲ್ಲ. ಆದರೂ ನಮ್ಮ ಅಂಗನವಾಡಿಯ ತಾಯಂದಿರ ಸಭೆಗೆ ಒಗ್ಗುವಂಥದ್ದು ಯಾವುದಾದರೂ ಇದ್ದರೆ ಇದೇ.

ತಾಯಂದಿರ ಸಭೆ! ಅಲ್ಲಿಗೆ ಬಂದು ನಿಂತಿತು ನೋಡಿ. ಈಸ್ಟರ್ನ್ ಕೇಪಿನಲ್ಲೂ ಬಂದು ಕೂತವರು ಹೆಚ್ಚುಕಡಿಮೆ ಎಲ್ಲ ಹೆಂಗಸರೇ. ಬೆಲ್ಟು ಮಾತ್ರ ಯಾರ ಸೊಂಟದಲ್ಲಿರುತ್ತದೆ? ಅವರನ್ನು ಕೂರಿಸುವುದು ಹೇಗೆ, ಯಾವ ಹೊತ್ತಿನಲ್ಲಿ, ಯಾರು ಕರೆದರೆ ಬರುತ್ತಾರೆ, ಅದನ್ನು ಹೇಳಿ ನೀವು. ತಗೊಳ್ಳಿ, ನಿಮ್ಮ ಯಜಮಾನರ ಸ್ಕೂಟರು ಬಂತು. ಗೇಟು ತೆಗೀರಿ, ಅವರನ್ನೇ ಕೇಳೋಣ.