ಒಂದೇ ಮನೆ ನಡೆದದ್ದಕ್ಕೆ ಇಷ್ಟೊಂದು ನಗು!

ಸಂದರ್ಶನಕ್ಕೆ ಒಪ್ಪುವ ಮೊದಲು ಕಪ್ಪು ಪಾಳಯದ ಎ-ಸಾಲಿನ ಕಾಲಾಳು ಒಂದೇ ಷರತ್ತು ಹಾಕಿದ: ಮೇಜಿನ ನಡುವಿನ ಕುರ್ಚಿ ಬೇಡ, ತುದಿಯದು ಸಾಕು. ಹುಟ್ಟಿದಾಗಿನಿಂದ ಆನೆಯ ಮುಂದೆ ಅಂಚಿನಲ್ಲೇ ನಿಂತವನಿಗೆ ನಡುವೆ ಕೂತರೆ ಯಾರೋ ಎರಡೂ ಕಡೆಯಿಂದ ಹೊಡೆಯಲು ಬಂದಂತೆ ಅನಿಸುತ್ತದಂತೆ.

ಚದುರಂಗದವರಲ್ಲಿ ಒಂದು ಹಳೇ ಜಗಳವಿದೆ. ಆಟ ಶುರು ಮಾಡುವಾಗ ಘಟಾನುಘಟಿಗಳು ಆಡಿ ಆಡಿ ಗಟ್ಟಿ ಮಾಡಿದ ಮೇನ್‌ಲೈನ್ ಹಿಡಿಯಬೇಕೋ, ಎದುರಾಳಿಯ ಪುಸ್ತಕದಲ್ಲಿ ಇಲ್ಲದ ಸೈಡ್‌ಲೈನ್ ಹಿಡಿಯಬೇಕೋ? ಈ ವ್ಯಾಜ್ಯದಲ್ಲಿ ವಾದಿ ಪ್ರತಿವಾದಿ ಇಬ್ಬರ ಪರವಾಗಿಯೂ ಸಾಕ್ಷಿ ಹೇಳಬಲ್ಲ ಆಸಾಮಿ ಈತನೊಬ್ಬನೇ.

"ಅದು ಹೇಗೆ?" ಎಂದು ಪತ್ರಿಕೆಯ ಪ್ರತಿನಿಧಿ ಕೇಳಿದರು.

"ನಾನು ಇಡುವುದು ಒಂದೇ ಹೆಜ್ಜೆ ಸ್ವಾಮಿ, ಎ7ರಿಂದ ಎ6ಕ್ಕೆ. ಅದನ್ನೇ ರೂಯ್ ಲೋಪೆಜ್‌ನ ಮೂರನೇ ನಡೆಯಲ್ಲಿ ಇಟ್ಟರೆ ಮಾರ್ಫಿ ಡಿಫೆನ್ಸ್ ಅಂತ ಮರ್ಯಾದೆ. ಸಿಸಿಲಿಯನ್‌ನ ಐದನೇ ನಡೆಯಲ್ಲಿ ಇಟ್ಟರೆ ನೈಡಾರ್ಫ್. ಫಿಷರ್, ಕಾಸ್ಪರೋವ್ ಇಬ್ಬರೂ ಅದನ್ನು ನಂಬಿ ಬಾಳಿದವರು. ಮೊದಲನೇ ನಡೆಯಲ್ಲೇ ಇಟ್ಟರೆ ಮಾತ್ರ ಇವನಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಹೆಜ್ಜೆ ಅದೇ, ಮನೆ ಅದೇ, ಆಳೂ ಅದೇ!"

ತಲೆ ಕೆಟ್ಟ ಆ ಹೆಜ್ಜೆಯ ಪ್ರಸ್ತಾಪ ಬಂದರೆ ಸ್ಕಾರಾದ ಕತೆ ಬರಲೇಬೇಕು. 1980, ಸ್ವೀಡನ್ನಿನ ಸ್ಕಾರಾ ಪಟ್ಟಣ, ಯುರೋಪಿಯನ್ ತಂಡ ಚಾಂಪಿಯನ್‌ಷಿಪ್. ಬಿಳಿಯ ಕಡೆ ವಿಶ್ವ ಚಾಂಪಿಯನ್ ಅನತೋಲಿ ಕಾರ್ಪೋವ್. ಕಪ್ಪಿನ ಕಡೆ ಟೋನಿ ಮೈಲ್ಸ್. ನಾಲ್ಕು ವರ್ಷ ಹಿಂದಷ್ಟೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದವರು. ಕಾರ್ಪೋವ್ ಇ4 ಆಡಿದರು. ಮೈಲ್ಸ್ ಈತನ ತಲೆ ಹಿಡಿದು ಎ6ಕ್ಕೆ ಇಟ್ಟರು. ಎರಡನೇ ನಡೆಗೆ ಪಕ್ಕದ ಬಿ ಕಾಲಾಳನ್ನು ಬಿ5ಕ್ಕೆ ತಳ್ಳಿದರು.

"ಪ್ರೇಕ್ಷಕರು ನಕ್ಕರಂತೆ?"

"ನಕ್ಕರು. ನಾನು ಎ6ರಲ್ಲಿ ನಿಂತು ಕೇಳಿಸಿಕೊಂಡೆ. 24ನೇ ನಡೆಯಲ್ಲಿ ನಮ್ಮ ಮಂತ್ರಿ ಬಿ2 ಕಾಲಾಳನ್ನು ಹೊಡೆದು, ಮುಂದಿನ ನಡೆಯಲ್ಲೇ ಇ5ರವನನ್ನೂ ಹೊಡೆದಾಗ ನಗು ನಿಂತಿತ್ತು ಅಂತ ಕಾಣುತ್ತೆ. 46 ನಡೆಗೆ ಆಟ ಮುಗಿಯಿತು. ಕೊನೆಯ ನಡೆ ಯಾವುದು ಗೊತ್ತೇ? ಆ ಹೊತ್ತಿಗೆ ನಾನು ಎ5ರಲ್ಲಿದ್ದೆ. ಬಿಳಿ ಆನೆ ಎ8ಕ್ಕೆ ಬಂದು ಬೆನ್ನ ಹಿಂದಿನಿಂದ ನನ್ನ ಮೇಲೆ ಕಣ್ಣು ಹಾಕಿತು. ನಮ್ಮ ಒಂಟೆ ಸಿ7ಕ್ಕೆ ಬಂದು ನನ್ನನ್ನು ಕಾಯಿತು. ಕಾರ್ಪೋವ್ ಅಲ್ಲಿಗೆ ಸೋಲೊಪ್ಪಿದರು."

ಒಂಟೆ ಸಿ7ರಲ್ಲಿ ನಿಂತು ಜಿ3ರಲ್ಲಿದ್ದ ತನ್ನ ಆನೆಯನ್ನೂ ಕಾಯುತ್ತಿತ್ತು ಎಂಬುದನ್ನು ಕಾಲಾಳು ಹೇಳಲಿಲ್ಲ. ಆತ್ಮಕತೆಯಲ್ಲಿ ಅಷ್ಟು ರಿಯಾಯಿತಿ ಎಲ್ಲರಿಗೂ ಉಂಟು.

"ಹಾಗಾದರೆ ಮೊದಲ ನಡೆಯ ಎ6 ಸರಿ ಅಂತ ಸಾಬೀತಾಯಿತಲ್ಲ?"

ಕಾಲಾಳು ಗಂಟಲು ಸರಿಮಾಡಿಕೊಂಡ. "ಅದೇನೂ ಸಾಬೀತಾಗಲಿಲ್ಲ. ನಾನು ಹೀಗೆ ನಡೆದರೆ ಬಿಳಿಯವನಿಗೆ ಇ4, ಡಿ4 ಎರಡೂ ಪುಕ್ಕಟೆ ಸಿಗುತ್ತವೆ, ನಡುಮನೆಯನ್ನೇ ಬರೆದುಕೊಟ್ಟ ಹಾಗೆ. ಅದಾದ ಮೇಲೆ ಎಷ್ಟು ಜನ ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡುವಾಗ ನನ್ನನ್ನು ಮೊದಲು ಮುಟ್ಟಿದರು? ಯಾರೂ ಇಲ್ಲ. ಅವತ್ತು ಗೆದ್ದಿದ್ದು ಮೈಲ್ಸ್ ಆಡಿದ ಮಿಕ್ಕ 45 ನಡೆ. ಜನಕ್ಕೆ ನೆನಪಿರುವುದು ನನ್ನದೊಂದೇ."

ಸೈಡ್‌ಲೈನ್ ಭಕ್ತರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಮೇನ್‌ಲೈನ್ ಭಕ್ತರು ಹಿಗ್ಗುವುದರೊಳಗೆ ಆತ ಅವರ ಕಡೆಗೂ ತಿರುಗಿದ.

"ನೈಡಾರ್ಫ್‌ನಲ್ಲಿ ನನಗೆ ರಾಜಮರ್ಯಾದೆ, ಇಲ್ಲ ಅನ್ನಲ್ಲ. ಲೆವ್ ಪೊಲುಗಾಯೆವ್‌ಸ್ಕಿ ಅದರ ಒಂದೇ ಒಂದು ಕವಲಿಗೆ, ಏಳನೇ ನಡೆಯ ಬಿ5ಕ್ಕೆ, ವರ್ಷಗಟ್ಟಲೆ ಮನೆಯಲ್ಲಿ ಕೂತು ಲೆಕ್ಕ ಹಾಕಿದರು. ಅವರಿಗದು ಬದುಕು. ಈಗ ವಾರಾಂತ್ಯದ ಟೂರ್ನಿಗೆ ಬರುವ ಹುಡುಗ ಇಪ್ಪತ್ತು ನಡೆ ಉರು ಹೊಡೆದುಕೊಂಡು ಬರುತ್ತಾನೆ. ಎದುರಿನವನು ಎರಡನೇ ನಡೆಯಲ್ಲೇ ಸಿ3 ಆಡುತ್ತಾನೆ, ಇಲ್ಲವೇ ಮೂರನೇ ನಡೆಗೆ ಒಂಟೆಯನ್ನು ಬಿ5ಕ್ಕೆ ತಂದು ಚೆಕ್ ಕೊಡುತ್ತಾನೆ. ಹುಡುಗ ಗಡಿಯಾರ ನೋಡುತ್ತಾನೆ. ನಾನು ಎ7ರಲ್ಲಿ ನಿಂತು ಹುಡುಗನನ್ನು ನೋಡುತ್ತೇನೆ."

"ಎದುರಿನವನಾದರೂ ಸ್ವಂತ ಬುದ್ಧಿಯಿಂದ ಆಡುತ್ತಾನಲ್ಲ?"

"ಎಲ್ಲಿಯ ಸ್ವಂತ! ಅವನೂ ಆ ಸಿ3ಗೆ ಗಂಟೆಗಟ್ಟಲೆ ವಿಡಿಯೊ ನೋಡಿ ಬಂದಿರುತ್ತಾನೆ. ಓದು ತಪ್ಪಿಸಲು ಅಂತ ಸೈಡ್‌ಲೈನ್ ಹಿಡಿದವರಿಗೆಲ್ಲ ಈಗ ಪಠ್ಯಪುಸ್ತಕ ಬಂದಿದೆ."

2000ನೇ ಇಸವಿಯ ಮಾತೆತ್ತಿದ ಕೂಡಲೇ ಕಾಲಾಳಿನ ಮುಖ ಸಪ್ಪಗಾಯಿತು. ಲಂಡನ್‌ನಲ್ಲಿ ಕಾಸ್ಪರೋವ್ ಮತ್ತು ಕ್ರಾಮ್ನಿಕ್ ವಿಶ್ವ ಪಟ್ಟಕ್ಕೆ ಸೆಣಸಿದ ಪಂದ್ಯವದು. ರೂಯ್ ಲೋಪೆಜ್‌ನ ಮೂರನೇ ನಡೆಯಲ್ಲಿ ಕ್ರಾಮ್ನಿಕ್ ಈತನನ್ನು ಮುಟ್ಟದೆ ಕುದುರೆಯನ್ನು ಎಫ್6ಕ್ಕೆ ತಂದರು. ಅದು ಬರ್ಲಿನ್ ಡಿಫೆನ್ಸ್, ಹತ್ತೊಂಬತ್ತನೇ ಶತಮಾನದ ಹಳೇ ಸರಕು. ಅಷ್ಟು ಎತ್ತರದ ಪಂದ್ಯಕ್ಕೆ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಕಾಸ್ಪರೋವ್ ಆ ಗೋಡೆಗೆ ಮತ್ತೆ ಮತ್ತೆ ತಲೆ ಚಚ್ಚಿಕೊಂಡರು. ಇಡೀ ಪಂದ್ಯದಲ್ಲಿ ಒಂದು ಆಟವನ್ನೂ ಗೆಲ್ಲದೆ 8.5–6.5ರಲ್ಲಿ ಪಟ್ಟ ಕಳೆದುಕೊಂಡರು. ಅಲ್ಲಿಂದ ಮುಂದೆ ದೊಡ್ಡವರೆಲ್ಲ ಬರ್ಲಿನ್ ಆಡಿದ್ದೇ ಆಡಿದ್ದು. ಸೈಡ್‌ಲೈನ್ ಹೀಗೆ ಒಂದೇ ಪಂದ್ಯದಲ್ಲಿ ಮೇನ್‌ಲೈನ್ ಆಗಿಹೋಯಿತು.

"ನನ್ನ ಕೆಲಸ ಹೋಯಿತು," ಎಂದ ಆತ. "ಆದರೂ ಆಶ್ಚರ್ಯವಿಲ್ಲ, ನಮ್ಮ ವಂಶದಲ್ಲಿ ಇದೆಲ್ಲ ನೋಡಿದ್ದೇವೆ. 1850ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಅಂತ ಒಬ್ಬರಿದ್ದರು, ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಸಾಹೇಬರ ಜೊತೆ ಆಡುತ್ತಿದ್ದರು. ದೇಶಿ ಆಟದಲ್ಲಿ ಕಾಲಾಳಿಗೆ ಮೊದಲ ಸಲವೂ ಎರಡು ಮನೆ ಹಾರುವ ಹಕ್ಕಿರಲಿಲ್ಲ ನೋಡಿ, ಆ ಅಭ್ಯಾಸದವರು ನಡುಮನೆಗೆ ನುಗ್ಗದೆ ಒಂದೊಂದೇ ಮನೆ ನಡೆದು, ಒಂಟೆಯನ್ನು ಮೂಲೆಯ ಜಿ7ರಲ್ಲಿ ಕೂರಿಸುತ್ತಿದ್ದರು. ಯುರೋಪಿನವರಿಗೆ ಅದು ವಿಚಿತ್ರ. ಗ್ರುನ್‌ಫೆಲ್ಡ್ ಡಿಫೆನ್ಸ್ ಅಂತೀರಲ್ಲ, ಮಹೇಶಬಾಬು ಅದನ್ನು 1855ರಲ್ಲೇ ಆಡಿದ್ದಾರೆ. ಗ್ರುನ್‌ಫೆಲ್ಡ್ ಸಾಹೇಬರು ಆಡಿದ್ದು 1922ರಲ್ಲಿ. ಹೆಸರು ಯಾರದ್ದು ಅಂಟಿತು?"

ಇಲ್ಲಿ ಪ್ರತಿನಿಧಿ ಮಾತು ಬದಲಿಸಿ 2023ರ ಆಸ್ತಾನಾ ವಿಶ್ವ ಚಾಂಪಿಯನ್‌ಷಿಪ್ ಬಗ್ಗೆ ಕೇಳಿದರು. ಎರಡನೇ ಆಟದಲ್ಲಿ ಡಿಂಗ್ ಲಿರೆನ್ ಬಿಳಿ ಕಾಯಿ ಹಿಡಿದು ನಾಲ್ಕನೇ ನಡೆಗೇ ಎಚ್3 ಆಡಿ ನೋಡುಗರನ್ನು ಬೆಚ್ಚಿಬೀಳಿಸಿದ್ದರು. 29 ನಡೆಯಲ್ಲಿ ನೆಪೊಮ್ನಿಯಾಶಿಗೆ ಸೋತರು. ಆರನೇ ಆಟಕ್ಕೆ ಕ್ಲಬ್ಬಿನ ಹುಡುಗರೂ ಮೂಗು ಮುರಿಯುವ ಲಂಡನ್ ಸಿಸ್ಟಮ್ ಹಿಡಿದು ಗೆದ್ದರು. ಕೊನೆಗೆ ಟೈಬ್ರೇಕ್‌ನಲ್ಲಿ ಚಾಂಪಿಯನ್ ಆದರು.

"ಎಚ್ ಕಾಲಾಳು ಎದುರು ಪಾಳಯದವನಾದರೂ ನನಗೆ ನೆಂಟ," ಎಂದು ಆತ ದನಿ ತಗ್ಗಿಸಿದ. "ಎರಡನೇ ಆಟದ ಸುದ್ದಿ ಎತ್ತಿದರೆ ಎದ್ದೇ ಹೋಗುತ್ತಾನೆ. ಚಾಂಪಿಯನ್ ಮಾಡಿದ್ದು ತಾನೇ ಅಂತ ಮಾತ್ರ ಮದುವೆ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಇದನ್ನು ಬರೆಯಬೇಡಿ."